ಮಜ್ಜಿಗೆ ಬಿಟ್ಟೆ, ಮಿರ್ಚಿ ಬಿಡಲಿಲ್ಲ

ಹೋದ ವರ್ಷ ಯುಗಾದಿಗೆ ಸಿರುಗುಪ್ಪದ ಮನೆಗೆ ಹೋಗಿದ್ದೆ. ಹೋಳಿಗೆ ಬಡಿಸಿ ಅವ್ವ ತುಪ್ಪ ಹಾಕೋಕೆ ಬಂದಳು. ನಾನು ತಟ್ಟೆಗೆ ಕೈ ಅಡ್ಡ ಹಿಡಿದೆ.

"ಯಾಕೋ, ತುಪ್ಪ ಬ್ಯಾಡೇನು?"

"ನಾನೀಗ ವೀಗನ್ ಅವ್ವಾ. ಹಾಲು, ಮೊಸರು, ತುಪ್ಪ ಎಲ್ಲಾ ಬಿಟ್ಟೀನಿ. ತೂಕ ಇಳಿಸಬೇಕು."

ಅವ್ವ ಏನೂ ಅನ್ನಲಿಲ್ಲ. ಅಪ್ಪ ಮಾತ್ರ ತಲೆ ಎತ್ತದೆ, "ಎಮ್ಮಿ ಹಾಲು ಮಾರೇ ನಿನ್ನ ಇಂಜಿನಿಯರಿಂಗ್ ಫೀಸ್ ಕಟ್ಟಿದ್ದು" ಅಂದರು. ಆಮೇಲೆ ಊಟ ಮುಗಿಯೋವರೆಗೂ ಯಾರೂ ಮಾತಾಡಲಿಲ್ಲ.

ಆಗ ನನ್ನ ತೂಕ 88 ಕೆಜಿ. ಬಳ್ಳಾರಿಯ ರೂಮಲ್ಲಿ ಕೂತು ಬೆಳಿಗ್ಗೆಯಿಂದ ರಾತ್ರಿವರೆಗೆ ಕೋಡು, ಕಾಲ್. ವೀಗನ್ ಆದ ಎರಡು ತಿಂಗಳಿಗೆ ಮತ್ತೆ ತೂಕ ನೋಡಿದೆ. 89! ತಕ್ಕಡಿ ಕೆಟ್ಟಿದೆ ಅಂತ ಇನ್ನೊಂದರ ಮೇಲೂ ನಿಂತೆ. ಅದೂ ಅದನ್ನೇ ಹೇಳಿತು.

ನಾವು ಪ್ರೋಗ್ರಾಂ ತಪ್ಪಾದರೆ ಲಾಗ್ ನೋಡ್ತೀವಿ ಅಲ್ವಾ? ಒಂದು ವಾರ ತಿಂದದ್ದನ್ನೆಲ್ಲ ಫೋನಲ್ಲಿ ಬರೆದಿಟ್ಟೆ. ಮಧ್ಯಾಹ್ನ ಸೋನಾಮಸೂರಿ ಅನ್ನದ ಗುಡ್ಡ. ಸಿರುಗುಪ್ಪದವರಿಗೆ ಅನ್ನ ಕಡಿಮೆ ಬಡಿಸೋದೇ ಗೊತ್ತಿಲ್ಲ. ಸಂಜೆ ಬಂಡಿ ಮುಂದೆ ಒಂದು ಪ್ಲೇಟ್ ಒಗ್ಗರಣಿ, ಜೊತೆಗೆ ನಾಲ್ಕು ಮಿರ್ಚಿ. ರಾತ್ರಿ ಕಾಲ್ ನಡುವೆ ಹುರಿದ ಶೇಂಗಾ. ಇದರಲ್ಲಿ ಹಾಲಿನ ಹನಿಯೂ ಇಲ್ಲ, ಎಲ್ಲ ಅಪ್ಪಟ ವೀಗನ್. ಆದರೆ ಒಂದು ಗ್ರಾಂ ಎಣ್ಣೆಗೆ 9 ಕ್ಯಾಲರಿ, ಅದೇ ಒಂದು ಗ್ರಾಂ ಪಿಷ್ಟಕ್ಕೆ 4. ನೂರು ಗ್ರಾಂ ಶೇಂಗಾ ಅಂದರೆ 500ಕ್ಕೂ ಹೆಚ್ಚು ಕ್ಯಾಲರಿ. ನಾನು ಬಿಟ್ಟಿದ್ದು ನೀರು ಮಜ್ಜಿಗೆ, ಉಳಿಸಿಕೊಂಡಿದ್ದು ಮಿರ್ಚಿ!

ಆ ವಾರವೇ ಕುರುಗೋಡಿಗೆ ಅಜ್ಜಿನ್ನ ನೋಡೋಕೆ ಹೋದೆ. ಅಜ್ಜಿಗೆ ಎಂಬತ್ತು ದಾಟಿದೆ. ಎರಡು ಜೋಳದ ರೊಟ್ಟಿ, ಪುಂಡಿಪಲ್ಯ, ಹೆಸರುಕಾಳು, ಒಂದು ಚಮಚ ಗುರೆಳ್ಳು ಪುಡಿ, ಕಡಿಯೋಕೆ ಉಳ್ಳಾಗಡ್ಡಿ. ಕತ್ತಲಾಗೋ ಮುಂಚೆ ಊಟ. ಆಮೇಲೆ ದೊಡ್ಡಬಸವೇಶ್ವರ ಗುಡಿವರೆಗೆ ನಡೆದು ಬರ್ತಾಳೆ. ನನ್ನ ಕಥೆ ಕೇಳಿ ನಕ್ಕಳು.

"ರಾತ್ರಿ ಹನ್ನೊಂದಕ್ಕ ಉಂಡು ಮಕ್ಕೊಂಡ್ರ ಗಾಳಿ ಕುಡದ್ರೂ ಮೈ ಬರ್ತತಿ ತಮ್ಮಾ."

ಅಜ್ಜಿ ತಟ್ಟೆಯನ್ನೇ ಕಾಪಿ ಮಾಡಿದೆ. ಒಂದು ವಿಷಯ ತಿಳಿದಿರಲಿ: ಜೋಳ ತಿಂದ ಮಾತ್ರಕ್ಕೆ ತೂಕ ಇಳಿಯಲ್ಲ. ತೂಕಕ್ಕೆ ತೂಕ ನೋಡಿದರೆ ಜೋಳ, ಅಕ್ಕಿ ಎರಡರ ಕ್ಯಾಲರಿಯೂ ಹತ್ತಿರ ಹತ್ತಿರ. ವ್ಯತ್ಯಾಸ ನಾರಿನದು. ನೂರು ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರು, ಪಾಲಿಶ್ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ರೊಟ್ಟಿಯನ್ನು ಅಗಿದು ತಿನ್ನಬೇಕು, ಎರಡಕ್ಕೇ ಹೊಟ್ಟೆ ತುಂಬುತ್ತೆ. ಅನ್ನ ಹಾಗಲ್ಲ, ಸಾರಿನ ಜೊತೆ ಜಾರಿ ಹೋಗುತ್ತೆ.

ಮಿರ್ಚಿ ವಾರಕ್ಕೊಮ್ಮೆ ಆಯಿತು. ಊಟ ರಾತ್ರಿ ಎಂಟರ ಒಳಗೆ. ಬಳ್ಳಾರಿ ಬಿಸಿಲು ಏರೋ ಮುಂಚೆ, ಬೆಳಿಗ್ಗೆ ಆರಕ್ಕೆ ಕೋಟೆ ಕಡೆ ಮುಕ್ಕಾಲು ಗಂಟೆ ನಡಿಗೆ. ಆರು ತಿಂಗಳಲ್ಲಿ 80 ಕೆಜಿಗೆ ಬಂದೆ.

ಇಷ್ಟಕ್ಕೇ ನಿಲ್ಲಿಸಿದರೆ ಅರ್ಧ ಸತ್ಯ ಹೇಳಿದ ಹಾಗಾಗುತ್ತೆ. ಆ ಹೊತ್ತಿಗೆ ಮಧ್ಯಾಹ್ನವೇ ಸುಸ್ತು, ಕೀಬೋರ್ಡ್ ಮೇಲೆ ಬೆರಳು ಜುಮ್ ಅನ್ನೋದು ಶುರುವಾಗಿತ್ತು. ತೂಕ ಇಳೀತಿದೆ, ಅದಕ್ಕೇ ಹೀಗೆ ಅಂದುಕೊಂಡು ಒಂದು ತಿಂಗಳು ಸುಮ್ಮನಿದ್ದೆ. ರಕ್ತ ಪರೀಕ್ಷೆ ಮಾಡಿಸಿದಾಗ ಬಿ12 ತೀರಾ ಕಡಿಮೆ ಬಂತು. ಇದು ಆರು ತಿಂಗಳಲ್ಲಿ ಆಗಿದ್ದಲ್ಲ, ದೇಹದಲ್ಲಿ ಬಿ12 ದಾಸ್ತಾನು ಇರುತ್ತೆ, ನಿಮಗೆ ಮೊದಲೇ ಕಡಿಮೆ ಇದ್ದಿರಬೇಕು, ಹಾಲು ಮೊಸರು ಬಿಟ್ಟಿದ್ದು ಅದಕ್ಕೆ ಸೇರಿಕೊಂಡಿದೆ ಅಂದರು ಡಾಕ್ಟರ್. ಕಾಳು, ಸೊಪ್ಪು, ಧಾನ್ಯ ಎಷ್ಟು ತಿಂದರೂ ಬಿ12 ಸಿಗಲ್ಲ. ನಡುವೆ ಬಿಟ್ಟರೆ ನರಗಳಿಗೇ ಪೆಟ್ಟು. ಇಂಜೆಕ್ಷನ್, ಮಾತ್ರೆ ತಗೊಂಡ ಮೇಲೆ ಬೆರಳು ಸರಿಹೋದವು.

ಪ್ರಾಣಿಗಳ ಮೇಲಿನ ಕರುಣೆಯಿಂದ ಹಾಲು ಬಿಟ್ಟವರನ್ನು ಕಂಡರೆ ನನಗೆ ಗೌರವ. ಅವರು ಬಿ12 ಮಾತ್ರೆ ತಪ್ಪಿಸದೆ, ಕ್ಯಾಲ್ಸಿಯಂಗೆ ರಾಗಿ, ಎಳ್ಳು ಸೇರಿಸಿಕೊಂಡು ಆರಾಮಾಗಿ ಮುಂದುವರಿಯಬಹುದು. ಆದರೆ ನಾನು ಬಿಟ್ಟಿದ್ದು ತೂಕಕ್ಕೆ. ಆ ಲೆಕ್ಕದಲ್ಲಿ ಎಮ್ಮೆಯ ತಪ್ಪು ಏನೂ ಇರಲಿಲ್ಲ.

ಮೊನ್ನೆ ಸಿರುಗುಪ್ಪಕ್ಕೆ ಹೋದಾಗ ಊಟಕ್ಕೆ ಕೂತು, "ಅವ್ವಾ, ಒಂದು ಲೋಟ ಮಜ್ಜಿಗಿ ಕೊಡು" ಅಂದೆ. ಅವ್ವ ನನ್ನ ಮುಖ ನೋಡಿದಳು. ಲೋಟ ತಂದಿಟ್ಟಿದ್ದು ಮಾತ್ರ ಅಪ್ಪ.