ಬೆಟ್ಟಕ್ಕೆ ಹೋಗುವ ಮುನ್ನ

‘ದೇಶ ಸುತ್ತು, ಕೋಶ ಓದು’ ಎಂದು ನಮ್ಮ ಹಿರಿಯರು ಹೇಳಿದರು. ಈ ಎರಡನ್ನೂ ಅವರು ಜೊತೆಗೂಡಿಸಿ ಹೇಳಿದುದರಲ್ಲಿ ಅರ್ಥವಿದೆ. ಕೋಶವನ್ನು ಓದದೆ ದೇಶವನ್ನು ಸುತ್ತುವವನು ತಾನು ನೋಡಿದುದು ಏನೆಂಬುದನ್ನು ಅರಿಯದೆ ಮರಳುತ್ತಾನೆ. ಆದರೆ ಶಾಲೆಯ ಪ್ರವಾಸವೆಂದರೆ ಮಕ್ಕಳು ಹಣ ತೆರುವುದು, ಅಧ್ಯಾಪಕರು ಬಸ್ಸನ್ನು ಗೊತ್ತುಮಾಡುವುದು, ಎಲ್ಲರೂ ಹಾಡುತ್ತ ಹೋಗಿ ದಣಿದು ಬರುವುದು ಎಂಬ ಭಾವನೆಯೇ ನಮ್ಮಲ್ಲಿ ಬೇರೂರಿದೆ. ನನ್ನ ಅಭಿಪ್ರಾಯ ಇದಕ್ಕಿಂತ ಬೇರೆ. ಪ್ರವಾಸದ ಅರ್ಧ ವಿದ್ಯೆ ಅದರ ಸಿದ್ಧತೆಯಲ್ಲಿದೆ. ಆ ಸಿದ್ಧತೆಯನ್ನು ವಿದ್ಯಾರ್ಥಿಗಳೇ ಮಾಡತಕ್ಕದ್ದು. ಕುದುರೆಮುಖ ರಾಷ್ಟ್ರೀಯ ಉದ್ಯಾನವನ್ನು ನಿದರ್ಶನವಾಗಿಟ್ಟುಕೊಂಡು ಈ ಮಾತನ್ನು ವಿವರಿಸಲು ಯತ್ನಿಸುತ್ತೇನೆ.

ಮುಂಬಯಿಯ ನಮ್ಮ ಶಾಲೆಗೆ ಅಷ್ಟು ದೂರದ ಬೆಟ್ಟವೇಕೆ ಎಂದು ಕೆಲವರು ಕೇಳಬಹುದು. ಅದು ನಾವೆಣಿಸುವಷ್ಟು ದೂರದಲ್ಲಿಲ್ಲ. ೧೯೯೮ರಲ್ಲಿ ಕೊಂಕಣ ರೈಲುಮಾರ್ಗವು ಪೂರ್ಣವಾಗಿ ತೆರೆದಂದಿನಿಂದ, ಮಧ್ಯಾಹ್ನ ಇಲ್ಲಿಂದ ಹೊರಟವರು ಮರುದಿನ ಬೆಳಗ್ಗೆ ಉಡುಪಿಯಲ್ಲಿ ಇಳಿಯಬಹುದು. ಅಲ್ಲಿಂದ ಕಾರ್ಕಳ, ಮಾಳಗಳ ಮಾರ್ಗವಾಗಿ ಘಟ್ಟವನ್ನೇರಿದರೆ ಕುದುರೆಮುಖ ಸಿಗುತ್ತದೆ. ನಿಮ್ಮಲ್ಲಿ ಹಲವರ ತಂದೆ ತಾಯಿಗಳು ಆ ಘಟ್ಟದ ಕೆಳಗಿನ ಊರುಗಳಿಂದಲೇ ಈ ಮಹಾನಗರಕ್ಕೆ ಬಂದವರು. ರಜೆಯಲ್ಲಿ ಊರಿಗೆ ಹೋದಾಗ ಮೂಡಣ ದಿಕ್ಕಿನಲ್ಲಿ ನೀಲಿಯಾಗಿ ಕಾಣುವ ಆ ಗೋಡೆಯನ್ನು ನೀವು ನೋಡಿದ್ದೀರಿ. ದೂರದ ಬೆಟ್ಟ ನುಣ್ಣಗೆ ಎಂಬಂತೆ ಅದನ್ನು ದೂರದಿಂದ ನೋಡಿಯೇ ಮರಳಿದ್ದೀರಿ.

ಹತ್ತಿರ ಹೋದರೆ ಅಲ್ಲಿ ಏನಿದೆ? ಸುಮಾರು ೬೦೦ ಚದರ ಕಿಲೋಮೀಟರ್ ವಿಸ್ತಾರವಾದ ಈ ಪ್ರದೇಶವು ೧೯೮೭ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾಯಿತು. ಚಿಕ್ಕಮಗಳೂರು, ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ ಇದು ಹಬ್ಬಿದೆ. ೨೦೧೨ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮಘಟ್ಟದ ತಾಣಗಳಲ್ಲಿ ಇದೂ ಒಂದು. ಕುದುರೆಯ ಮೊಗದಂತೆ ಕಾಣುವ ಶಿಖರದ ಎತ್ತರ ಸುಮಾರು ೧,೮೯೦ ಮೀಟರ್. ಬೆಟ್ಟದ ಮೈಯೆಲ್ಲ ಹುಲ್ಲು. ಕಣಿವೆಗಳ ಮಡಿಲಲ್ಲಿ ಮಾತ್ರ ಶೋಲಾ ಎಂದು ಕರೆಯಲ್ಪಡುವ ದಟ್ಟವಾದ ಕಾಡು. ಈ ಹುಲ್ಲು ಮತ್ತು ಕಾಡು ಸೇರಿ ಮಳೆಯ ನೀರನ್ನು ಹೀರಿ ಹಿಡಿದಿಟ್ಟುಕೊಂಡು, ಮಳೆ ನಿಂತ ಮೇಲೆಯೂ ಸ್ವಲ್ಪ ಸ್ವಲ್ಪವಾಗಿ ಹೊಳೆಗೆ ಬಿಟ್ಟುಕೊಡುತ್ತವೆ. ಇಲ್ಲಿಯ ಗಂಗಾಮೂಲದಲ್ಲಿ ತುಂಗೆ, ಭದ್ರೆ, ನೇತ್ರಾವತಿ ಎಂಬ ಮೂರು ನದಿಗಳು ಹುಟ್ಟುತ್ತವೆ. ತುಂಗಭದ್ರೆಯರು ಕೂಡಲಿಯಲ್ಲಿ ಒಂದಾಗಿ, ಮುಂದೆ ಕೃಷ್ಣೆಯನ್ನು ಸೇರಿ ಮೂಡಣ ಕಡಲಿಗೆ ಸಾಗಿದರೆ, ನೇತ್ರಾವತಿಯು ಮಂಗಳೂರಿನ ಬಳಿ ಪಡುವಣ ಕಡಲನ್ನು ಸೇರುತ್ತಾಳೆ. ಭೂಗೋಳದ ಪುಸ್ತಕದಲ್ಲಿ ಒಂದು ಸಾಲಾಗಿರುವ ‘ಜಲವಿಭಾಜಕ’ ಎಂಬ ಮಾತು ಅಲ್ಲಿ ನಿಮ್ಮ ಕಾಲಡಿಯ ನೆಲವಾಗುತ್ತದೆ.

ಈ ಬೆಟ್ಟಕ್ಕೆ ಇನ್ನೊಂದು ಇತಿಹಾಸವೂ ಉಂಟು. ಇಲ್ಲಿಯ ಅದಿರನ್ನು ತೆಗೆಯಲು ೧೯೭೬ರಲ್ಲಿ ಕೇಂದ್ರ ಸರ್ಕಾರವು ಕುದುರೆಮುಖ ಕಬ್ಬಿಣದ ಅದಿರು ಕಂಪನಿಯನ್ನು ಸ್ಥಾಪಿಸಿತು. ಬೆಟ್ಟವನ್ನು ಕಡಿದು, ಅದಿರನ್ನು ಅರೆದು ನೀರಿನಲ್ಲಿ ಕಲಸಿ, ಕೊಳವೆಯ ಮೂಲಕ ಮಂಗಳೂರಿನ ಬಂದರಿಗೆ ಹರಿಯಿಸಿದರು. ಉಳಿದ ಮಣ್ಣನ್ನು ತಡೆಹಿಡಿಯಲು ಲಕ್ಯಾ ಹೊಳೆಗೆ ಅಣೆಕಟ್ಟನ್ನು ಕಟ್ಟಿದರು. ಭದ್ರೆಯ ನೀರು ಕೆಂಪಾಗುತ್ತಿದೆ, ಕಾಡು ಹಾಳಾಗುತ್ತಿದೆ ಎಂದು ಹಲವರು ಹೋರಾಡಿದರು. ೨೦೦೨ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪನ್ನಿತ್ತು, ೨೦೦೫ರ ಕೊನೆಗೆ ಗಣಿಯನ್ನು ನಿಲ್ಲಿಸಿತು. ಬೆಟ್ಟ ಉಳಿಯಿತು, ಆದರೆ ಗಣಿಯನ್ನೇ ನಂಬಿದ್ದ ಕುಟುಂಬಗಳು ಬೇರೆಡೆಗೆ ಹೋದವು, ಊರು ಬಹುಮಟ್ಟಿಗೆ ಬರಿದಾಯಿತು. ಉದ್ಯಾನದ ಒಳಗೆ ತಲೆಮಾರುಗಳಿಂದ ಬಾಳಿದ ಮಲೆಕುಡಿಯರೇ ಮೊದಲಾದವರ ಪುನರ್ವಸತಿಯ ಪ್ರಶ್ನೆಯೂ ಸುಲಭವಾದುದಲ್ಲ. ಅನ್ನವನ್ನರಸಿ ಊರು ಬಿಟ್ಟು ಬಂದವರ ಮಕ್ಕಳಾದ ನಿಮಗೆ ಈ ಎರಡೂ ಬಗೆಯ ನೋವು ತಿಳಿಯದಿರದು. ಇವೆಲ್ಲವನ್ನೂ ಓದದೆ ಅಲ್ಲಿಗೆ ಹೋದವನಿಗೆ ಹಸುರು ಬೆಟ್ಟ ಮಾತ್ರ ಕಂಡೀತು. ಬೆಟ್ಟದ ಬೆಲೆ ಕಾಣದು.

ಇನ್ನು ಸಿದ್ಧತೆಯ ಮಾತು. ಮೊದಲನೆಯದು ಕಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಜಡಿಮಳೆ. ದಾರಿ ಜಾರುತ್ತದೆ, ಉಂಬಳಗಳು ಕಾಲಿಗೆ ಹತ್ತುತ್ತವೆ, ಹೊಳೆಗಳು ಒಮ್ಮೆಲೆ ಉಕ್ಕುತ್ತವೆ. ಬೇಸಗೆಯಲ್ಲಿ ಒಣಹುಲ್ಲಿಗೆ ಬೆಂಕಿಯ ಭಯ. ಆದುದರಿಂದ ದೀಪಾವಳಿಯ ರಜೆಯೇ ನಮಗೆ ಯೋಗ್ಯ. ಹೊಳೆಗಳಲ್ಲಿ ಆಗ ನೀರಿರುತ್ತದೆ, ಹುಲ್ಲು ಇನ್ನೂ ಹಸುರಾಗಿರುತ್ತದೆ. ಮಧ್ಯಾಹ್ನದ ಮೇಲೆ ಮಳೆ ಬರಲೂಬಹುದು, ಮಳೆಯಂಗಿ ಇರಲಿ.

ಎರಡನೆಯದು ಸಂಖ್ಯೆ. ೨೦೨೪ರ ಜನವರಿಯಲ್ಲಿ ಕುಕ್ಕೆ ಸುಬ್ರಹ್ಮಣ್ಯದ ಬಳಿಯ ಕುಮಾರಪರ್ವತಕ್ಕೆ ಒಮ್ಮೆಲೆ ಅಪಾರ ಜನ ನುಗ್ಗಿದರು. ಆ ಬಳಿಕ ಅರಣ್ಯ ಇಲಾಖೆಯು ಚಾರಣಕ್ಕೆ ಮುಂಗಡ ನೋಂದಣಿಯನ್ನೂ ದಿನಕ್ಕೆ ಇಷ್ಟೇ ಜನವೆಂಬ ಮಿತಿಯನ್ನೂ ಬಿಗಿಗೊಳಿಸಿತು. ಇದನ್ನು ಅಡ್ಡಿಯೆಂದು ಗೊಣಗುವವರಿದ್ದಾರೆ. ಮನೆಯ ಯಜಮಾನನ ಅನುಕೂಲವನ್ನು ಕೇಳಿಕೊಂಡು ಹೋಗುವವನೇ ಸಭ್ಯನಾದ ಅತಿಥಿಯಲ್ಲವೆ? ಸಿಂಗಳೀಕ, ಕಾಟಿ, ಕಡವೆಗಳ ಮನೆಗೆ ನಾವು ನೂರು ಜನ ಕೂಗುತ್ತ ಹೋಗಕೂಡದು. ಇಪ್ಪತ್ತು ಮಂದಿ ಸಾಕು. ಶಿಖರವನ್ನು ಏರಲೇಬೇಕೆಂಬ ಹಟವೂ ಬೇಡ. ಆ ದಾರಿ ಒಂದು ಇಡೀ ದಿನದ ಕಠಿನ ನಡಿಗೆ, ಎಳೆಯರಿಗೆ ತಕ್ಕುದಲ್ಲ. ಕಣಿವೆಯ ಅಂಚಿನಲ್ಲಿ ಒಂದು ಗಂಟೆ ಮೌನವಾಗಿ ಕುಳಿತವನು, ಶಿಖರದಲ್ಲಿ ಛಾಯಾಚಿತ್ರ ತೆಗೆಸಿಕೊಂಡು ಓಡಿಬಂದವನಿಗಿಂತ ಹೆಚ್ಚು ಕಂಡಿರುತ್ತಾನೆ.

ಮೂರನೆಯದು ಹಣ. ಇಪ್ಪತ್ತು ಮಂದಿ ಎಂದೊಡನೆ, ಯಾರು ಆ ಇಪ್ಪತ್ತು ಮಂದಿ ಎಂಬ ಪ್ರಶ್ನೆ ಏಳುತ್ತದೆ. ಹಣ ತಂದವರೇ ಹೋಗುವುದಾದರೆ, ಹೋಟೆಲಿನಲ್ಲಿ ದುಡಿಯುವ ತಂದೆಯ ಮಗನೂ ಮನೆಗೆಲಸಕ್ಕೆ ಹೋಗುವ ತಾಯಿಯ ಮಗಳೂ ಎಂದಿಗೂ ಬೆಟ್ಟವನ್ನು ಕಾಣರು. ಇದು ಶಾಲೆಗೆ ಶೋಭೆಯಲ್ಲ. ವರ್ಷದ ಮೊದಲಿನಿಂದಲೇ ತರಗತಿಗೊಂದು ಡಬ್ಬಿಯಿರಲಿ. ಕೊಟ್ಟವರ ಹೆಸರನ್ನು ಬರೆಯದೆ, ಆದಷ್ಟು ಹಾಕಲಿ. ಹೋಗುವವರನ್ನು ಚೀಟಿ ಎತ್ತಿ ಆರಿಸಲಿ. ಹೋಗಿ ಬಂದವರು ಉಳಿದವರೆಲ್ಲರ ಮುಂದೆ ನಕ್ಷೆ ಬಿಡಿಸಿ, ನಡೆದುದನ್ನು ವಿವರಿಸಿ ಋಣ ತೀರಿಸಲಿ. ಮರುವರ್ಷ ಬೇರೆ ಇಪ್ಪತ್ತು ಮಂದಿ ಹೋಗಲಿ.

ನಾಲ್ಕನೆಯದೇ ನನಗೆ ಎಲ್ಲಕ್ಕಿಂತ ಮುಖ್ಯ. ಈ ಊರಿನಲ್ಲಿ ಕನ್ನಡದಿಂದೇನು ಪ್ರಯೋಜನ ಎಂದು ನೀವು ಕೇಳುವುದುಂಟು. ಅಂಗಡಿಯಲ್ಲಿ ಮರಾಠಿ, ಕಚೇರಿಯಲ್ಲಿ ಇಂಗ್ಲಿಷು, ರೈಲಿನಲ್ಲಿ ಹಿಂದಿ. ಕನ್ನಡವು ಮನೆಗೂ ಪರೀಕ್ಷೆಗೂ ಮಾತ್ರ ಮೀಸಲೆಂಬಂತಾಗಿದೆ. ಕುದುರೆಮುಖ ವನ್ಯಜೀವಿ ವಿಭಾಗದ ಕಚೇರಿ ಕಾರ್ಕಳದಲ್ಲಿದೆ. ೧೯೬೩ರ ಶಾಸನದಂತೆ ಕನ್ನಡವೇ ಆ ನಾಡಿನ ಆಡಳಿತ ಭಾಷೆ. ನಮ್ಮ ಅನುಮತಿ ಪತ್ರವನ್ನು ಎಂಟನೆಯ ತರಗತಿಯ ವಿದ್ಯಾರ್ಥಿ ಕನ್ನಡದಲ್ಲಿ ಬರೆಯಲಿ: ಎಷ್ಟು ಮಂದಿ ಬರುತ್ತೇವೆ, ಯಾವ ದಿನ, ಯಾವ ದಾರಿ ತೆರೆದಿದೆ, ಮಾರ್ಗದರ್ಶಕರು ದೊರೆಯುವರೆ ಎಂದು ಕೇಳಲಿ. ‘ಮಾನ್ಯರೇ’ ಎಂದು ಆರಂಭಿಸಿ ‘ತಮ್ಮ ವಿಶ್ವಾಸಿ’ ಎಂದು ಮುಗಿಸುವ ಪತ್ರಕ್ಕೆ ಇದುವರೆಗೆ ಐದು ಅಂಕಗಳಷ್ಟೇ ದೊರೆಯುತ್ತಿದ್ದವು. ಈಗ ಒಂದು ಉತ್ತರ ದೊರೆಯುತ್ತದೆ. ತಾನು ಕಲಿತ ಭಾಷೆಯಿಂದ ಒಂದು ಬಾಗಿಲು ತೆರೆಯಿತೆಂಬ ಅನುಭವಕ್ಕೆ ಸಮನಾದ ಪಾಠವನ್ನು ನಾವು ಅಧ್ಯಾಪಕರು ಹಲಗೆಯ ಮೇಲೆ ಬರೆದು ಕಲಿಸಲಾರೆವು.

ಇಷ್ಟನ್ನೂ ಒಂದೇ ಸಲ ಮಾಡುವುದು ಕಷ್ಟವೆನಿಸಿದರೆ ಅಭ್ಯಾಸಕ್ಕೆ ಸ್ಥಳ ಹತ್ತಿರದಲ್ಲೇ ಇದೆ. ಬೋರಿವಲಿಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನವು ಸುಮಾರು ನೂರು ಚದರ ಕಿಲೋಮೀಟರಿನ ಕಾಡು. ಕಾನ್ಹೇರಿಯ ಗುಹೆಗಳು ಅದರೊಳಗಿವೆ. ನಗರಕ್ಕೆ ನೀರುಣಿಸುವ ಕೆರೆಗಳಾದ ತುಳಸಿ ಮತ್ತು ವಿಹಾರಗಳಿಗೆ ಆ ಕಾಡೇ ಆಸರೆ. ಒಂದು ಭಾನುವಾರ ಅಲ್ಲಿಗೆ ಹೋಗಿ, ಮಾತನಾಡದೆ ನಡೆಯುವುದನ್ನು, ಬುತ್ತಿಯ ಕಾಗದವನ್ನು ಮರಳಿ ಚೀಲಕ್ಕೆ ಹಾಕುವುದನ್ನು, ಕಂಡುದನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆಯುವುದನ್ನು ಅಭ್ಯಾಸ ಮಾಡಿರಿ. ನಲ್ಲಿಯಲ್ಲಿ ಬರುವ ನೀರಿಗೂ ಕಾಡಿಗೂ ಇರುವ ಸಂಬಂಧ ಅಲ್ಲಿಯೇ ತಿಳಿಯುತ್ತದೆ. ಆಮೇಲೆ ಮೂರು ನದಿಗಳ ತವರಿಗೆ ಹೋಗುವ ಅರ್ಹತೆ ನಿಮಗೆ ಬರುತ್ತದೆ.

ಪ್ರಿಯ ವಿದ್ಯಾರ್ಥಿಗಳೇ, ಹೋಗುವುದು ಮುಂದಿನ ದೀಪಾವಳಿಗಾದರೂ ಸರಿ. ಕರ್ನಾಟಕದ ಭೂಪಟವೊಂದನ್ನು ತರಗತಿಯ ಗೋಡೆಗೆ ಈ ತಿಂಗಳಲ್ಲೇ ತೂಗುಹಾಕಿರಿ. ಅದರಲ್ಲಿ ಕಾರ್ಕಳ, ಸಂಸೆ, ಕಳಸಗಳನ್ನು ಹುಡುಕಿ ಗುರುತು ಮಾಡಿರಿ. ಪತ್ರದ ಕರಡನ್ನು ಬರೆದು ತಂದವರಿಗೆ ತಿದ್ದಿಕೊಡಲು ನಾನು ಸಿದ್ಧನಿದ್ದೇನೆ.