ನೆನಪಿನ ಕಾರು, ಕಬ್ಬಿಣದ ಕಾರು

ಎತ್ತು ಕೊಳ್ಳುವವನು ಹಲ್ಲು ನೋಡುತ್ತಾನೆ. ಮನೆ ಕೊಳ್ಳುವವನು ಕಾಗದಪತ್ರಗಳನ್ನು ನೋಡುತ್ತಾನೆ. ಹಳೆಯ ಕಾರನ್ನು ಕೊಳ್ಳಹೊರಟವನು ಮಾತ್ರ ಅದರ ಬಣ್ಣವನ್ನು ಕಂಡು, ತನ್ನ ಬಾಲ್ಯವನ್ನು ನೆನೆದು, ಮುಂಗಡ ಕೊಟ್ಟು ಬರುತ್ತಾನೆ.

ಬಸವನಗುಡಿಯ ಗೃಹಸ್ಥರೊಬ್ಬರನ್ನು ಊಹಿಸಿಕೊಳ್ಳಬಹುದು. ನಿವೃತ್ತಿಯ ಹಣ ಆಗತಾನೆ ಕೈಸೇರಿದೆ. ತಂದೆಯ ಕಾಲದಲ್ಲಿ ಮನೆಯ ಮುಂದೆ ನಿಲ್ಲುತ್ತಿದ್ದಂತಹುದೇ 1968ರ ಫಿಯಟ್ ಒಂದು ಪರಿಚಿತರ ಷೆಡ್ಡಿನಲ್ಲಿ ಧೂಳು ಹಿಡಿದು ನಿಂತಿರುವ ಸುದ್ದಿ ಬಂದಿದೆ. "ಅದನ್ನು ಕೊಂಡು ಹೊಸದರಂತೆ ಮಾಡಿಬಿಡುತ್ತೇನೆ" ಎನ್ನುತ್ತಾರೆ ಅವರು. "ನೀವು ತರಹೊರಟಿರುವುದು ಕಾರನ್ನೋ, ಮಾವನವರ ನೆನಪನ್ನೋ?" ಎಂದು ಮನೆಯಾಕೆ ಕೇಳುತ್ತಾರೆ. ಪ್ರಶ್ನೆಯಲ್ಲಿ ಕುಹಕವಿಲ್ಲ. ನೆನಪಿಗೆ ತುಕ್ಕು ಹಿಡಿಯುವುದಿಲ್ಲ, ಕಬ್ಬಿಣಕ್ಕೆ ಹಿಡಿಯುತ್ತದೆ.

ಮೊದಲು ನೋಡಬೇಕಾದುದು ಕಾಗದ. ನೋಂದಣಿ ಪುಸ್ತಕದಲ್ಲಿರುವ ಎಂಜಿನ್ ಹಾಗೂ ಷಾಸಿ ಸಂಖ್ಯೆಗಳು ಕಾರಿನ ಮೇಲಿರುವ ಸಂಖ್ಯೆಗಳೊಡನೆ ಕೂಡಿಬರಬೇಕು. ಮಾಲೀಕರು ತೀರಿಹೋಗಿ, ಹೆಸರು ಇನ್ನೂ ಅವರದೇ ಆಗಿದ್ದರೆ, ವಾರಸುದಾರರೆಲ್ಲರ ಒಪ್ಪಿಗೆಯಿಲ್ಲದೆ ವ್ಯಾಪಾರ ಕುದುರಿಸುವುದು ವಿವೇಕವಲ್ಲ. ಐವತ್ತು ವರ್ಷ ದಾಟಿ ಮೂಲರೂಪದಲ್ಲಿಯೇ ಉಳಿದ ಕಾರುಗಳಿಗೆ 2021ರ ಕೇಂದ್ರ ನಿಯಮಗಳು 'ವಿಂಟೇಜ್' ಎಂಬ ಪ್ರತ್ಯೇಕ ನೋಂದಣಿಯನ್ನು ಕಲ್ಪಿಸಿವೆ. ಆದರೆ ಹಾಗೆ ನೋಂದಾಯಿಸಿದ ಕಾರನ್ನು ಪ್ರದರ್ಶನ, ರ‍್ಯಾಲಿಗಳಂತಹ ಸಂದರ್ಭಗಳಲ್ಲಿ ಓಡಿಸಬಹುದೇ ಹೊರತು, ಪ್ರತಿದಿನವೂ ಗಾಂಧಿ ಬಜಾರಿಗೆ ತರಕಾರಿ ತರಲು ಒಯ್ಯುವಂತಿಲ್ಲ. ನಿತ್ಯದ ಓಡಾಟವೇ ಉದ್ದೇಶವಾದರೆ ಸಾಮಾನ್ಯ ನೋಂದಣಿಯನ್ನು ನವೀಕರಿಸುತ್ತ ಹೋಗಬೇಕು. ಯಾವುದು ಬೇಕೆಂಬುದನ್ನು ಕೊಳ್ಳುವ ಮೊದಲೇ ನಿಶ್ಚಯಿಸಿಕೊಳ್ಳುವುದು ಲೇಸು.

ಎರಡನೆಯದು ಮೈಕಟ್ಟು. ಎಂಜಿನ್ ಹೊಗೆಯುಗುಳಿದರೆ ಕೊಳ್ಳುವವನು ಹೆದರುತ್ತಾನೆ. ಬಾಗಿಲ ಕೆಳಗೆ ತುಕ್ಕು ಕಂಡರೆ ನಕ್ಕುಬಿಡುತ್ತಾನೆ. ಹೆದರಬೇಕಾದುದು ಎರಡನೆಯದಕ್ಕೆ. ಎಂಜಿನ್ನನ್ನು ಇಳಿಸಿ, ಬೋರ್ ಮಾಡಿಸಿ, ಮರಳಿ ಕೂರಿಸಬಹುದು. ಫಿಯಟ್ಟಿಗಾದರೋ ಪ್ರತ್ಯೇಕ ಷಾಸಿಯೇ ಇಲ್ಲ. ಮೈಯೇ ಅದರ ಎಲುಬು. ಆದುದರಿಂದ ಕಾಲಡಿಯ ಮ್ಯಾಟನ್ನು ಎತ್ತಿ, ಡಿಕ್ಕಿಯೊಳಗೆ ಟಾರ್ಚು ಹಾಕಿ, ಬಾಗಿಲುಗಳ ಕೆಳಗಿನ ಪಟ್ಟಿಯನ್ನು ಬೆರಳಿನಿಂದ ಒತ್ತಿ ನೋಡಬೇಕು. ಬಟ್ಟೆ ಸುತ್ತಿದ ಅಯಸ್ಕಾಂತವೊಂದು ಜೇಬಿನಲ್ಲಿರಲಿ. ಹೊಳೆಯುವ ಬಣ್ಣದ ಮೇಲೆ ಅದು ಅಂಟದೆ ಜಾರಿದರೆ, ಅಲ್ಲಿ ಕಬ್ಬಿಣದ ಬದಲು ಪುಟ್ಟಿ ತುಂಬಿದೆಯೆಂದು ಸಂಶಯಿಸಬೇಕು.

ಮೂರನೆಯದು ಬಿಡಿಭಾಗ. ಈ ಫಿಯಟ್ಟಿನ ವಂಶವೇ ಮುಂದೆ ಪದ್ಮಿನಿಯೆಂಬ ಹೆಸರಿನಿಂದ ಶತಮಾನದ ಕೊನೆಯವರೆಗೂ ಮುಂಬಯಿಯಲ್ಲಿ ತಯಾರಾಯಿತು. ಅಂಬಾಸಿಡರ್ 2014ರವರೆಗೂ ಬಂಗಾಳದ ಉತ್ತರಪಾರಾದಲ್ಲಿ ಹುಟ್ಟುತ್ತಿತ್ತು. ಇವುಗಳ ಯಂತ್ರಭಾಗಗಳು ಜೆ.ಸಿ. ರಸ್ತೆಯಲ್ಲಿಯೋ ಗುಜರಿಯಲ್ಲಿಯೋ ಸಿಕ್ಕಾವು. ಎಂದೋ ನಿಂತುಹೋದ ಸ್ಟ್ಯಾಂಡರ್ಡ್ ಹೆರಾಲ್ಡಿಗೆ ಆ ಅನುಕೂಲ ಅಷ್ಟಿಲ್ಲ. ಫಿಯಟ್ಟಿನಲ್ಲಿಯೂ ಆಯಾ ವರ್ಷದ ಗ್ರಿಲ್ಲು, ದೀಪದ ಬಳೆಗಳಂತಹ ಅಲಂಕಾರಗಳು ಸುಲಭವಾಗಿ ದೊರೆಯುವುದಿಲ್ಲ. ಕಾರಿನೊಡನೆ ಅವು ಬಂದರೆ ಅದೇ ಲಾಭ.

ಕೊನೆಯದು ಹಣದ ಚೀಲ. ಟಿಂಕರನು ಹಳೆಯ ಬಣ್ಣವನ್ನು ಕೆರೆದ ಬಳಿಕವೇ ನಿಜವಾದ ಲೆಕ್ಕ ಹೊರಬೀಳುತ್ತದೆ. ಅಂದಾಜಿನಷ್ಟೇ ಮೊತ್ತವನ್ನು ಬೇರೆಯಾಗಿ ತೆಗೆದಿರಿಸಲಾಗದಿದ್ದರೆ ಆ ದಾರಿಗೆ ಹೋಗದಿರುವುದೇ ಕ್ಷೇಮ. ಅರ್ಧ ಬಿಚ್ಚಿದ ಕಾರನ್ನು ಪೂರ್ತಿ ಕಾರಿನ ಬೆಲೆಗೆ ಕೊಳ್ಳುವವರಿಲ್ಲ.

ಇಷ್ಟನ್ನೂ ನೋಡಿ, ಅನುಭವಿಯಾದ ಮೆಕ್ಯಾನಿಕನೊಬ್ಬನನ್ನು ಕರೆದೊಯ್ದು, "ಬೇಡ" ಎಂದು ಬರಿಗೈಯಲ್ಲಿ ಹಿಂದಿರುಗಿದರೂ ಆ ಗೃಹಸ್ಥರಿಗೆ ನಷ್ಟವಿಲ್ಲ. ತಂದೆಯ ಕಾರು ನೆನಪಿನಲ್ಲಿ ಮೊದಲಿನಂತೆಯೇ ಓಡುತ್ತಿರುತ್ತದೆ. ಕಬ್ಬಿಣ ಗಟ್ಟಿಯಾಗಿದ್ದು, ಕಾಗದ ಸರಿಯಾಗಿದ್ದು, ಕಾರು ಮನೆಗೆ ಬಂದರೆ ಮೊದಲ ದಿನ ಪಕ್ಕದ ಆಸನದಲ್ಲಿ ಯಾರು ಕೂರಬೇಕೆಂಬುದರಲ್ಲಿ ಸಂದೇಹವಿಲ್ಲ. ಆ ಪ್ರಶ್ನೆಯನ್ನು ಕೇಳಿದವರೇ.