ಪರದೇಶದ ಗ್ರಂಥಾಲಯಗಳೂ ಕನ್ನಡ ಇ-ಪುಸ್ತಕಗಳೂ

ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಸಂಸ್ಥೆಯು 1962ರಲ್ಲಿ ಹೊಸದಿಲ್ಲಿಯಲ್ಲಿ ಕಚೇರಿಯನ್ನು ತೆರೆದು, ನಮಗೆ ಮಾರಿದ ಧಾನ್ಯದ ಬಾಬ್ತು ಇಲ್ಲಿ ಜಮೆಯಾದ ರೂಪಾಯಿಗಳಿಂದ ಭಾರತೀಯ ಭಾಷೆಗಳ ಗ್ರಂಥಗಳನ್ನು ಕೊಂಡು ತನ್ನ ದೇಶದ ವಿಶ್ವವಿದ್ಯಾಲಯಗಳಿಗೆ ಕಳುಹತೊಡಗಿತು. ಕನ್ನಡ ಗ್ರಂಥಗಳು ಅಲ್ಲಿಯ ಕಪಾಟುಗಳನ್ನು ಬಹುಮಟ್ಟಿಗೆ ಸೇರಿದುದು ಈ ದಾರಿಯಿಂದಲೇ.

ಇ-ಪುಸ್ತಕದ ಮಾತು ಬೇರೆ. ಅಚ್ಚಿನ ಪುಸ್ತಕವನ್ನು ಕೊಂಡ ಗ್ರಂಥಾಲಯವು ಅದರ ಒಡೆತನವನ್ನು ಪಡೆಯುತ್ತದೆ. ಇ-ಪುಸ್ತಕಕ್ಕೆ ಸಾಮಾನ್ಯವಾಗಿ ದೊರೆಯುವುದು ಪರವಾನಿಗೆ ಮಾತ್ರ. ಆದುದರಿಂದ ಗ್ರಂಥಪಾಲಕರು ವಿಷಯದ ಯೋಗ್ಯತೆಯೊಡನೆ ಬೇರೆ ಪ್ರಶ್ನೆಗಳನ್ನೂ ಕೇಳುವರು. ಹಕ್ಕು ಶಾಶ್ವತವೋ, ವಾರ್ಷಿಕವೋ? ಏಕಕಾಲಕ್ಕೆ ಎಷ್ಟು ಮಂದಿ ಓದಬಹುದು? ಅನ್ಯ ಗ್ರಂಥಾಲಯಕ್ಕೆ ಎರವಲು ಕೊಡಬಹುದೇ? ಜರ್ಮನ್, ಇಟಾಲಿಯನ್ ಗ್ರಂಥಗಳಿಗೆ ಹರಾಸೊವಿಟ್ಸ್, ಕಸಾಲಿನಿಯಂತಹ ವ್ಯಾಪಾರಿಗಳು ಉತ್ತರವನ್ನು ಸಿದ್ಧವಾಗಿಟ್ಟಿದ್ದಾರೆ. ಕನ್ನಡದ ಇ-ಪುಸ್ತಕಗಳಾದರೋ ಹೆಚ್ಚಾಗಿ ಒಬ್ಬೊಬ್ಬ ಓದುಗನ ಫೋನಿಗೆ ಮಾರಾಟವಾಗುತ್ತವೆ. ಸಂಸ್ಥೆಗೆ ಕೊಡುವ ಕರಾರೇ ಇಲ್ಲದಿದ್ದರೆ ಗ್ರಂಥಪಾಲಕನು ಆರಿಸುವುದಾದರೂ ಏನನ್ನು?

ದೋಷವೆಲ್ಲ ಅವರದೆಂದು ಹೇಳುವುದು ಸುಲಭ, ಆದರೆ ನ್ಯಾಯವಲ್ಲ. ನಮ್ಮ ಪ್ರಕಾಶಕರು ಸಂಸ್ಥೆಗಳಿಗೆ ಒಪ್ಪುವ ಕರಾರನ್ನೂ, ಯೂನಿಕೋಡ್ ಅಕ್ಷರದಲ್ಲಿ ಶಬ್ದವನ್ನು ಹುಡುಕಲು ಬರುವಂತಹ ಪ್ರತಿಯನ್ನೂ, ನೆಟ್ಟಗಿನ ಗ್ರಂಥಸೂಚಿಯನ್ನೂ ಒದಗಿಸತಕ್ಕದ್ದು. ಅಲ್ಲಿಯವರೆಗೆ ಅಚ್ಚಿನ ಪ್ರತಿಯನ್ನು ಕೈಬಿಡಕೂಡದು. ಇಲ್ಲವಾದರೆ ಪರದೇಶದ ವಿದ್ವಾಂಸನಿಗೆ ಇಂದಿನ ಕನ್ನಡವು ಇಲ್ಲದಂತೆಯೇ ಸರಿ. ಸಂಬಂಧಪಟ್ಟವರು ಇದನ್ನು ಬೇಗನೆ ಲಕ್ಷಕ್ಕೆ ತಂದುಕೊಳ್ಳುವರೆಂದು ನಾವು ಆಶಿಸುತ್ತೇವೆ.